ನೆಲಕ್ಕೆ ಬಿದ್ದ ಏಟು

ಜನವರಿ 6, ಸೋಮವಾರ

ಸೊಸೈಟಿಯವರು ಹೊಸ ವರ್ಷಕ್ಕೆ ಕೊಡುವ ಡೈರಿ ಪ್ರತಿ ಸಲ ಹಾಗೇ ಬೀರು ಸೇರುತ್ತಿತ್ತು. ಈ ಸಲ ಬರೆಯುವುದಕ್ಕೆ ವಿಷಯ ಸಿಕ್ಕಿದೆ, ಕೈ ತುರಿಸುತ್ತಿದೆ. ಸದ್ಯಕ್ಕೆ ಇದನ್ನು ಯಾರಿಗೂ ತೋರಿಸುವುದಿಲ್ಲ. ಸಮಯ ಬಂದಾಗ ಒಂದೇ ಸಲ ಸೊಸೆಯ ಮುಂದೆ ತೆರೆದಿಡುತ್ತೇನೆ.

ಇವತ್ತು ಮೊಮ್ಮಗಳ ಶಾಲೆಯಿಂದ ಕರೆ ಬಂತು. ಮಗ ಅರುಣ್, ಸೊಸೆ ಕುಸುಮಾ, ಇವರು, ನಾನು, ನಾಲ್ಕೂ ಜನ ಹೋದೆವು. ಒಂದನೇ ಕ್ಲಾಸಿನ ಸೌಮ್ಯಶ್ರೀ ಮಿಸ್ ನಮ್ಮನ್ನು ಮಕ್ಕಳ ಪುಟ್ಟ ಕುರ್ಚಿಗಳಲ್ಲಿ ಕೂರಿಸಿದರು. ಇವರ ಮೊಣಕಾಲು ಗಲ್ಲಕ್ಕೆ ತಾಗುತ್ತಿತ್ತು. ಮಿಸ್ ಹೇಳಿದ್ದು ಇಷ್ಟು. ನಮ್ಮ ಕವನಾ ಕೇಳಿದ್ದು ಸಿಗದಿದ್ದರೆ ಹೊಡೆಯುವುದಕ್ಕೆ ಕೈ ಎತ್ತುತ್ತಾಳಂತೆ, ಸರದಿ ಕಾಯುವುದಿಲ್ಲವಂತೆ, ಅವಳ ಪಕ್ಕ ಕೂರುವುದಕ್ಕೆ ಒಂದು ಮಗುವೂ ಒಪ್ಪುತ್ತಿಲ್ಲವಂತೆ. ಕಳೆದ ವಾರ ಮಿಸ್ ಅವಳ ಕೈಯಿಂದ ಕ್ರಯಾನ್ ಡಬ್ಬಿ ತೆಗೆದುಕೊಂಡಾಗ, "ನಿಮ್ಮನ್ನ ಖಾಲಿ ಮಾಡಿಸ್ತೀನಿ" ಎಂದಳಂತೆ.

"ಈ ಮಾತು ಮನೇಲಿ ಯಾರಾದ್ರೂ ಆಡ್ತಾರಾ?" ಎಂದು ಮಿಸ್ ಕೇಳಿದರು.

ಇವರು ಫ್ಯಾನ್ ನೋಡಿದರು. ಅರುಣ್ ಫೋನ್ ನೋಡಿದ. ಕುಸುಮಾ ನನ್ನನ್ನು ನೋಡಿದಳು. ಹೊಸಹಳ್ಳಿಯಲ್ಲಿ ಮೂರು ಮಹಡಿ ಬಾಡಿಗೆಗೆ ಕೊಟ್ಟವಳು ಆ ಮಾತು ಆಡದೆ ಇರುವುದಕ್ಕೆ ಆಗುತ್ತದೆಯೆ? ನೀರು ಪೋಲು ಮಾಡಿದರೆ, ಗೇಟು ತೆರೆದಿಟ್ಟು ಹೋದರೆ, ಮೆಟ್ಟಿಲ ಮೇಲೆ ಚಪ್ಪಲಿ ಬಿಟ್ಟರೆ ಬೇರೇನು ಹೇಳಬೇಕು? ಅದಕ್ಕೂ ಮಗು ಕೆಡುವುದಕ್ಕೂ ಏನು ಸಂಬಂಧವೋ ನನಗಂತೂ ತಿಳಿಯಲಿಲ್ಲ.

ಮಗು ದಿನಾ ಏನು ಕೇಳಿತು, ಯಾರು ಬೇಡ ಅಂದರು, ಆಮೇಲೆ ಯಾರು ಕೊಟ್ಟರು, ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆಯಿರಿ ಎಂದು ಮಿಸ್ ಕುಸುಮಾಗೆ ಹೇಳಿದರು. ಅವಳು ಬರೆಯುವುದಾದರೆ ನಾನೂ ಬರೆಯುತ್ತೇನೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆ ಗಾದೆಯಲ್ಲಿ ಅಜ್ಜಿ ಎಲ್ಲೂ ಬರುವುದಿಲ್ಲ.

ಪಕ್ಕ ಯಾರೂ ಕೂರುವುದಿಲ್ಲ ಎಂಬ ಮಾತು ಮಾತ್ರ ಆಟೋದಲ್ಲಿ ಬರುವಾಗ ಎದೆಗೆ ಚುಚ್ಚುತ್ತಲೇ ಇತ್ತು. ಪುಣ್ಯಕ್ಕೆ ಮನೆಯಲ್ಲಿ ಎರಡನೇ ಮಹಡಿಯ ಗುರುದೇವಿ ಇದ್ದಾಳೆ. ಎಂಟು ವರ್ಷದ ಹುಡುಗಿ. ಬಾಗಲಕೋಟೆ ಕಡೆಯವರು. ಅಪ್ಪ ಮಡಿವಾಳಪ್ಪ ರಾಜಾಜಿನಗರದ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದಾನೆ, ಅಮ್ಮ ಹೊನ್ನವ್ವ ಜೋಳದ ರೊಟ್ಟಿ ಬಡಿದು ಮಾರುತ್ತಾಳೆ. ಶಾಲೆಯಿಂದ ಬಂದ ಮೇಲೆ ಕವನಾಳ ಜೊತೆ ಆಡುವುದು ಅವಳೊಬ್ಬಳೇ. ಅವಳೂ ಇಲ್ಲದಿದ್ದರೆ ನನ್ನ ಕೂಸಿಗೆ ಯಾರೂ ಇಲ್ಲ.

ಜನವರಿ 7, ಮಂಗಳವಾರ

ಕುಸುಮಾ ಬ್ಯಾಂಕಿಗೆ ಹೊರಡುವ ಮೊದಲು ಫ್ರಿಜ್ ಮೇಲೆ ಚೀಟಿ ಅಂಟಿಸಿದ್ದಾಳೆ. "ಒಮ್ಮೆ ಬೇಡ ಅಂದರೆ ಬೇಡವೇ." ಸರಿ, ನೋಡೇಬಿಡೋಣ ಎಂದುಕೊಂಡೆ. ಪರೀಕ್ಷೆಯ ದಿನದ ಹಾಗೆ ಬೆಳಗಿನಿಂದ ಒಂಥರಾ ಹುರುಪು.

ಸಂಜೆ ಉಪ್ಪಿಟ್ಟು ತಿನ್ನುವುದಕ್ಕೆ ಫೋನ್ ಬೇಕೆಂದು ಕವನಾ ಹಟ ಹಿಡಿದಳು. ಬೇಡ ಎಂದೆ. ನೆಲದ ಮೇಲೆ ಮಲಗಿದಳು. ಇನ್ನೊಂದು ಸಲ ಬೇಡ ಎಂದೆ. ತಲೆಯನ್ನು ಮೆಲ್ಲಗೆ ಗೋಡೆಗೆ ಕುಟ್ಟತೊಡಗಿದಳು. ಆಗ ನಾನು ಫೋನ್ ಕೊಡಲಿಲ್ಲ, ನನ್ನ ಕೈಯಲ್ಲೇ ಹಿಡಿದು ತೋರಿಸಿದೆ. ಕೊಡುವುದು ಬೇರೆ, ತೋರಿಸುವುದು ಬೇರೆ.

"ಅಮ್ಮಂಗೆ ಹೇಳಬೇಡ ಕಣೇ" ಎಂದೆ. ಒಂದು ಕಣ್ಣು ಮಿಟುಕಿಸಿದಳು. ಎಷ್ಟು ಚುರುಕು, ಥೇಟ್ ನನ್ನ ಹಾಗೆ.

ಜನವರಿ 9, ಗುರುವಾರ

ನಡುಮನೆಯಲ್ಲಿ ಓಡುತ್ತಾ ಕವನಾ ಕಾಲು ತೊಡರಿ ಬಿದ್ದಳು. ನಾನು ಓಡಿಹೋಗಿ ಎತ್ತಿಕೊಂಡು, ನಮ್ಮ ಮನೆಯಲ್ಲಿ ಮೊದಲಿನಿಂದ ಮಾಡುವ ಹಾಗೆ, ನೆಲಕ್ಕೆ ನಾಲ್ಕು ಏಟು ಕೊಟ್ಟೆ. "ಈ ನೆಲಾನೇ ತಾನೆ ನನ್ನ ಚಿನ್ನಾನ ಬೀಳಿಸಿದ್ದು? ತಗೋ, ತಗೋ." ಕವನಾ ಅಳು ನಿಲ್ಲಿಸಿ ತಾನೂ ಎರಡು ಕೊಟ್ಟಳು. ನನ್ನ ಅತ್ತೆ ಅರುಣ್‌ಗೆ ಹೀಗೇ ಮಾಡುತ್ತಿದ್ದರು. ಇದಕ್ಕಿಂತ ಒಳ್ಳೆಯ ಔಷಧಿ ಎಲ್ಲಿದೆ?

ಕವನಾಗೆ ಶಾಲೆ ರಜೆ ಇದ್ದದ್ದರಿಂದ ಕುಸುಮಾ ಕೂಡ ರಜೆ ಹಾಕಿ ಮನೆಯಲ್ಲೇ ಇದ್ದಳು. "ಅತ್ತೆ, ನೋಡ್ಕೊಂಡು ಓಡು ಅಂತ ಹೇಳಿದ್ರೆ ಸಾಕಾಗಿತ್ತು. ನೆಲದ್ದು ಏನು ತಪ್ಪು? ನಾಳೆ ಏನೇ ಆದ್ರೂ ತನ್ನದಲ್ಲ, ಬೇರೆಯವರದೇ ತಪ್ಪು ಅಂತಾಳೆ" ಎಂದಳು.

ಆರು ವರ್ಷದ ಮಗುವಿಗೆ ನೆಲದ ನ್ಯಾಯ ಹೇಳುವವಳು ಇವಳು. ನನಗೆ ಬಂದ ಸಿಟ್ಟಿಗೆ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಊಟಕ್ಕೆ ಕರೆದರು, ಹೋಗಲಿಲ್ಲ. ಎರಡನೇ ಸಲ ಕರೆದರು, ಹೋಗಲಿಲ್ಲ. ಕೊನೆಗೆ ಇವರು ವಿಜಯನಗರದ ದರ್ಶಿನಿಯಿಂದ ಇಡ್ಲಿ ವಡೆ ಕಟ್ಟಿಸಿಕೊಂಡು ಬಂದು ಬಾಗಿಲು ತಟ್ಟಿದ ಮೇಲೆ ತೆರೆದೆ. ಮರ್ಯಾದೆ ಉಳಿಯಿತು.

ಸಾಯಂಕಾಲ ಕವನಾ ಹಾಲು ಬೇಡವೆಂದು ಅದೇ ರೂಮಿಗೆ ಹೋಗಿ ಅದೇ ಬಾಗಿಲು ಹಾಕಿಕೊಂಡಳು. ಈ ಹಟ ಅವರಮ್ಮನ ಕಡೆಯಿಂದ ಬಂದಿರಬೇಕು.

ಜನವರಿ 14, ಮಂಗಳವಾರ, ಸಂಕ್ರಾಂತಿ

ಬೆಳಿಗ್ಗೆ ಎಷ್ಟು ಚೆನ್ನಾಗಿತ್ತು. ಕವನಾಗೆ ಹಸಿರು ರೇಷ್ಮೆ ಲಂಗ, ಜಡೆಗೆ ಕುಚ್ಚು. ಎಳ್ಳು ಬೀರುವುದಕ್ಕೆ ತಟ್ಟೆ ತುಂಬ ಎಳ್ಳು ಬೆಲ್ಲ, ಸಕ್ಕರೆ ಅಚ್ಚು, ಕಬ್ಬಿನ ತುಂಡು. ಗುರುದೇವಿಯೂ ತನ್ನ ಅಮ್ಮ ಮಾಡಿದ ಎಳ್ಳು ಬೆಲ್ಲದ ತಟ್ಟೆ ಹಿಡಿದು ಜೊತೆಗೆ ಹೊರಟಳು. ಇಬ್ಬರೂ ಎದುರು ಸಾಲಿನ ಮನೆಗಳಿಗೆಲ್ಲ ಹೋಗಿ ಬಂದರು. ನಾನು ಹಿಂದೆ ಹಿಂದೆ ಹೋದೆ, ಎದೆಯುಬ್ಬಿಸಿಕೊಂಡು.

ಆ ಹುಡುಗಿ ಪ್ರತಿ ಮನೆಯಲ್ಲೂ, "ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದಂಗ ಇರೂಣ್ರಿ" ಎನ್ನುತ್ತಿದ್ದಳು. ಎಲ್ಲರೂ ಅವಳ ಕೆನ್ನೆ ಹಿಂಡಿದರು. ಕವನಾಳ ಮುಖ ಮನೆಯಿಂದ ಮನೆಗೆ ಚಿಕ್ಕದಾಗುತ್ತಾ ಬಂತು. ನಮ್ಮ ಮೆಟ್ಟಿಲು ಹತ್ತುವಾಗ ಕವನಾ ಕೈ ಬೀಸಿದಳು. ಗುರುದೇವಿಯ ತಟ್ಟೆ ಹಾರಿಹೋಗಿ ಎಳ್ಳು ಬೆಲ್ಲವೆಲ್ಲ ಕೆಳಗಿನವರೆಗೆ ಚೆಲ್ಲಿತು.

"ಇದು ನಮ್ಮ ಬಿಲ್ಡಿಂಗು. ನೀನು ಜಾಸ್ತಿ ಮಾತಾಡಿದ್ರೆ ನಿಮ್ಮನ್ನ ಖಾಲಿ ಮಾಡಿಸ್ತೀನಿ."

ಹೊನ್ನವ್ವ ಬಾಗಿಲಲ್ಲೇ ನಿಂತಿದ್ದಳು, ಕೇಳಿಸಿಕೊಂಡಳು. "ಮೆಟ್ಟಿಲು ಒದ್ದೆ ಇತ್ತು ಕಣಮ್ಮ, ಮಗು ಜಾರಿತು, ಕೈ ತಾಗಿತು" ಎಂದೆ ನಾನು. ಹಬ್ಬದ ದಿನ ಮತ್ತೇನು ಹೇಳಬೇಕಿತ್ತು? ಹೊನ್ನವ್ವ ಒಣಗಿದ ಮೆಟ್ಟಿಲನ್ನೊಮ್ಮೆ ನೋಡಿದಳು, ಮಗಳ ಕೈ ಹಿಡಿದು ಒಳಗೆ ಹೋದಳು. ಬಾಗಿಲು ಸದ್ದಿಲ್ಲದೆ ಮುಚ್ಚಿತು.

ಜನವರಿ 15, ಬುಧವಾರ

ಮಡಿವಾಳಪ್ಪ ಕೆಲಸಕ್ಕೆ ಹೋಗುವ ಮೊದಲು ಬಂದ. ಚಪ್ಪಲಿ ಗೇಟಿನ ಹೊರಗೇ ಬಿಟ್ಟಿದ್ದ.

"ಅಮ್ಮಾರ, ಈ ತಿಂಗಳ ಕಡೀಗೆ ಮನಿ ಬಿಡ್ತೀವ್ರಿ. ಬಾಪೂಜಿನಗರದಾಗ ಒಂದು ನೋಡೇವಿ" ಎಂದ. ಕಾರಣ ಕೇಳಿದೆ. "ಏನಿಲ್ರಿ" ಎಂದು ನೆಲ ನೋಡಿದ.

ಹೋಗಲಿ. ಮೆಟ್ರೊ ಸ್ಟೇಷನ್ನಿಗೆ ಐದು ನಿಮಿಷದ ಮನೆ, ಬೆಳಿಗ್ಗೆ ಬೋರ್ಡು ಹಾಕಿದರೆ ಸಾಯಂಕಾಲಕ್ಕೆ ಸಾಲು ನಿಲ್ಲುತ್ತದೆ. "ಮನೆ ಬಾಡಿಗೆಗೆ ಇದೆ" ಬೋರ್ಡನ್ನು ನಾನೇ ಗೇಟಿಗೆ ಕಟ್ಟಿದೆ. ಮಧ್ಯಾಹ್ನದೊಳಗೆ ಹನ್ನೊಂದು ಫೋನ್ ಬಂದವು. ಯಾರನ್ನು ಆರಿಸುವುದೆಂದೇ ತಿಳಿಯುತ್ತಿಲ್ಲ.

ಜನವರಿ 16, ಗುರುವಾರ

ಕವನಾ ಶಾಲೆಯಿಂದ ಬಂದವಳು ಮೆಟ್ಟಿಲ ಮೇಲೆ ಕೂತಿದ್ದಳು. ಏಳರವರೆಗೂ ಕೂತಿದ್ದಳು. ಗುರುದೇವಿ ಇಳಿದು ಬರಲಿಲ್ಲ. ಕವನಾ ಏನೂ ಕೇಳಲಿಲ್ಲ, ಫೋನ್ ಕೂಡ.

ಜನವರಿ 18, ಶನಿವಾರ

ಇವತ್ತು ಬಿದ್ದು ಬಿದ್ದು ನಗುವ ಹಾಗಾಯಿತು, ಆಮೇಲೆ ಹಾಗಾಗಲಿಲ್ಲ.

ಮನೆ ನೋಡುವುದಕ್ಕೆ ಗಂಡ ಹೆಂಡತಿ ಬಂದರು. ಸಭ್ಯರು, ಇಬ್ಬರೂ ಕೆಲಸಕ್ಕೆ ಹೋಗುವವರು. ಗೇಟಿನಲ್ಲಿ ಕವನಾ ಎರಡೂ ಕೈ ಚಾಚಿ ನಿಂತುಬಿಟ್ಟಳು. "ಈ ಮನೆ ಖಾಲಿ ಇಲ್ಲ. ನೀರೂ ಬರಲ್ಲ. ಹಲ್ಲಿ ಇದಾವೆ, ಇಷ್ಟು ದೊಡ್ಡದು." ಕೈಯಲ್ಲಿ ಮೊಸಳೆಯಷ್ಟು ಉದ್ದ ತೋರಿಸಿದಳು. ಆ ಹೆಂಗಸು ಅಲ್ಲಿಂದಲೇ ತಿರುಗಿ ಹೋದಳು. ನಾನು ಗದರಬೇಕೆಂದು ಬಾಯಿ ತೆರೆದರೆ ನಗುವೇ ಬಂತು.

ಕವನಾ ನಗಲಿಲ್ಲ. ನನ್ನ ಸೆರಗು ಹಿಡಿದು, "ಅಜ್ಜಿ, ನೀನು ಓನರ್ ಅಲ್ವಾ? ಗುರುದೇವಿಗೆ ಹೋಗಬೇಡ ಅಂತ ಹೇಳು. ನೀನು ಹೇಳಿದ್ರೆ ಎಲ್ಲಾರೂ ಕೇಳ್ತಾರೆ" ಎಂದಳು.

ನಾನು ಹೋಗು ಅಂದರೆ ಹೋಗುತ್ತಾರೆ, ನಿಜ. ಇರು ಅಂದರೆ ಯಾರು ಇರುತ್ತಾರೆ? ಮೂವತ್ತೆರಡು ವರ್ಷದ ಯಜಮಾನಿಕೆಯಲ್ಲಿ ಇದು ನನಗೆ ಹೊಳೆದೇ ಇರಲಿಲ್ಲ. ಮಗುವಿಗೆ ಕಡಲೆಮಿಠಾಯಿ ಕೊಟ್ಟೆ. ಅದನ್ನು ಮುರಿದು ಅರ್ಧ ಲಂಗದ ಜೇಬಿಗೆ ಹಾಕಿಕೊಂಡಳು, ಗುರುದೇವಿಗೆಂದು.

"ಒಂದ್ಸಲ ಮೇಲೆ ಹೋಗಿ ಮಾತಾಡಿ ಬಾರೇ" ಎಂದರು ಇವರು. ಬಾಡಿಗೆದಾರರ ಮನೆ ಬಾಗಿಲಿಗೆ ನಾನು ಜಗಳಕ್ಕಲ್ಲದೆ ಹೋದವಳಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂದೆ. "ನೋವಾಗುತ್ತೆ, ಆದ್ರೆ ಬಗ್ಗುತ್ತೆ ಕಣೇ" ಎಂದು ಪೇಪರ್ ಮಡಿಸಿಟ್ಟರು.

ಜನವರಿ 19, ಭಾನುವಾರ

ಮೊಣಕಾಲಿಗೆ ಅರಿಸಿನ ಮೆತ್ತಿಕೊಂಡು ಬರೆಯುತ್ತಿದ್ದೇನೆ. ಆದರೂ ಬರೆಯದೆ ಇರಲಾರೆ.

ಡಬ್ಬಿಯಲ್ಲಿ ಉಳಿದಿದ್ದ ಎಳ್ಳು ಬೆಲ್ಲವನ್ನು ತಟ್ಟೆಗೆ ಸುರಿದುಕೊಂಡು ಹನ್ನೊಂದು ಗಂಟೆಗೆ ಮೆಟ್ಟಿಲು ಹತ್ತಿದೆ. ಕವನಾ ಹಿಂದೆ ಬಂದಳು. ಎದೆ ಡವಡವ ಎನ್ನುತ್ತಿತ್ತು, ಹೆಣ್ಣು ನೋಡಲು ಬಂದವರ ಮುಂದೆ ಕಾಫಿ ಲೋಟ ಹಿಡಿದು ಹೋದ ದಿನದ ಹಾಗೆ. ಏನು ಹೇಳಲಿ ಎಂದು ಮನಸ್ಸಿನಲ್ಲೇ ಮಾತು ಜೋಡಿಸುತ್ತಾ ಹೋಗುತ್ತಿದ್ದೆ. ಕಾಲಲ್ಲಿ ಇವರ ಹವಾಯಿ ಚಪ್ಪಲಿ. ಒಂಬತ್ತನೇ ಮೆಟ್ಟಿಲಲ್ಲಿ ಸೀರೆಯ ನೆರಿಗೆ ಸಿಕ್ಕಿ ಧಡ್ ಎಂದು ಬಿದ್ದೆ. ತಟ್ಟೆ ಹಾರಿತು. ಎಳ್ಳು ಬೆಲ್ಲ ಹಬ್ಬದ ದಿನ ಚೆಲ್ಲಿದ ಹಾಗೇ ಕೆಳಗಿನವರೆಗೆ ಚೆಲ್ಲಿತು.

ಕವನಾ ಓಡಿಬಂದವಳೇ ಮೆಟ್ಟಿಲಿಗೆ ಹೊಡೆಯತೊಡಗಿದಳು. "ನನ್ನ ಅಜ್ಜಿನ ಬೀಳಿಸ್ತೀಯಾ? ನಿನ್ನ ಖಾಲಿ ಮಾಡಿಸ್ತೀನಿ, ತಡಿ." ಅಂಗೈ ಕೆಂಪಾಗುವ ಹಾಗೆ ಹೊಡೆಯುತ್ತಿದ್ದಳು. ನೋವಿನಲ್ಲೂ ನನಗೆ ನಗು ಬಂತು. ಮೆಟ್ಟಿಲನ್ನೇ ಖಾಲಿ ಮಾಡಿಸಿದರೆ ಮೇಲಿನವರು ಇಳಿಯುವುದು ಹೇಗೆ?

"ಬಿಡೇ, ಕೈ ನೋಯುತ್ತೆ. ಮೆಟ್ಟಿಲು ಏನು ಮಾಡ್ತು ಪಾಪ, ಅದು ಇಲ್ಲೇ ಇತ್ತು. ನಾನೇ ನೋಡ್ಕೊಂಡು ಹತ್ತಲಿಲ್ಲ."

ಅವಳ ಕೈ ನಿಂತಿತು. "ನಿಂದಾ ತಪ್ಪು?"

"ಹೂಂ, ನಂದೇ."

"ಅಜ್ಜೀದೂ ತಪ್ಪಾಗುತ್ತಾ?" ಎಂದು ಕಣ್ಣರಳಿಸಿ ನನ್ನನ್ನೇ ನೋಡಿದಳು, ಮೆಟ್ರೊ ರೈಲನ್ನು ಮೊದಲ ಸಲ ನೋಡಿದಾಗ ನೋಡಿದ ಹಾಗೆ. ಮಕ್ಕಳಿಗೆ ಯಾವುದೆಲ್ಲ ಆಶ್ಚರ್ಯವೋ.

ಸದ್ದಿಗೆ ಹೊನ್ನವ್ವ ಹೊರಗೆ ಬಂದಳು. ಹಿಟ್ಟಿನ ಕೈಯಲ್ಲೇ ನನ್ನನ್ನು ಎತ್ತಿ ಒಳಗೆ ಕರೆದುಕೊಂಡು ಹೋಗಿ ಚಾಪೆಯ ಮೇಲೆ ಕೂರಿಸಿದಳು, ಅರಿಸಿನ ಹಚ್ಚಿದಳು. ನಾನು ಕಟ್ಟಿಸಿದ ಮನೆ, ಆ ನೆಲದ ಮೇಲೆ ಕೂತದ್ದು ಇದೇ ಮೊದಲು. ಗೋಡೆಯನ್ನು ಕನ್ನಡಿಯ ಹಾಗೆ ಇಟ್ಟುಕೊಂಡಿದ್ದಾರೆ.

ನಾನೇನೂ ಕ್ಷಮೆ ಕೇಳಲಿಲ್ಲ. ಓನರ್ ಎನ್ನಿಸಿಕೊಂಡವಳು ಹಾಗೆಲ್ಲ ಕೇಳುವುದಿಲ್ಲ. ಇಷ್ಟೇ ಹೇಳಿದೆ. "ಹೊನ್ನವ್ವ, ಹಬ್ಬದ ದಿನ ಮೆಟ್ಟಿಲು ಒದ್ದೆ ಇರಲಿಲ್ಲ. ಕವನಾನೇ ತಟ್ಟೆ ತಳ್ಳಿದ್ದು. ನಾನು ಕಣ್ಣಾರೆ ನೋಡಿದ್ದೆ, ಸುಳ್ಳು ಹೇಳ್ದೆ. ನಿಂಗೂ ಗೊತ್ತಿತ್ತು."

ಹೊನ್ನವ್ವ ಅರಿಸಿನದ ಬಟ್ಟಲನ್ನು ಪಕ್ಕಕ್ಕಿಟ್ಟಳು. "ತಟ್ಟಿ ಹೋದ್ರ ಹೋಗ್ಲಿ ಬಿಡ್ರಿ ಅಮ್ಮಾರ. ಆದ್ರ ಖಾಲಿ ಮಾಡಸ್ತೀನಿ ಅಂದ ದಿನದಿಂದ ನನ್ನ ಮಗಳು ಪಾಟಿ ಪುಸ್ತಕದ ಚೀಲ ತಲಿದಿಂಬು ಮಾಡ್ಕೊಂಡು ಮಲಗಾಕತ್ಯಾಳ. ಹೋಗೂ ಮುಂದ ಮರ್ತು ಹೋದೀತು ಅಂತ. ಸಣ್ಣ ಕೂಸಿನ ಮ್ಯಾಲೆ ಸಿಟ್ಟಿಲ್ರಿ ನನಗ. ಅದು ನಿಮ್ಮ ಮಾತ ಆಡತೈತಿ."

ಈ ಮಾತನ್ನು ಬೇರೆ ಯಾರಾದರೂ ಆಡಿದ್ದರೆ ಅಲ್ಲೇ ಎದ್ದು ಬಂದಿರುತ್ತಿದ್ದೆ. ಮೊಣಕಾಲು ನೋಯುತ್ತಿತ್ತು, ಏಳಲಾಗಲಿಲ್ಲ. ಕಣ್ಣಲ್ಲಿ ನೀರು ಬಂದದ್ದೂ ಮೊಣಕಾಲಿನಿಂದಲೇ. ಇಲ್ಲೇ ಇರಿ ಎಂದೆ. ಗಂಡನನ್ನು ಕೇಳಿ ಮುಂದಿನ ಭಾನುವಾರ ಹೇಳುತ್ತೇನೆ ಎಂದಳು.

ಗುರುದೇವಿ ಒಳಗಿನ ಬಾಗಿಲ ಮರೆಯಲ್ಲೇ ಇದ್ದಳು. ಅವಳ ಪಾದ ಕಾಣುತ್ತಿತ್ತು, ಮುಖ ಕಾಣಲಿಲ್ಲ. ಕವನಾ ಕಡಲೆಮಿಠಾಯಿಯ ಅರ್ಧ ತುಂಡನ್ನು ಹೊಸ್ತಿಲ ಮೇಲಿಟ್ಟು ಬಂದಳು. ಇಳಿಯುವಾಗ ಒಂಬತ್ತನೇ ಮೆಟ್ಟಿಲ ಹತ್ತಿರ ಕೂತು, "ಸಾರಿ ಮೆಟ್ಟಿಲು" ಎಂದು ಸವರಿದಳು. ಮನುಷ್ಯರಿಗೆ ಹೇಳು ಎಂದರೆ ತುಟಿ ಬಿಗಿದುಕೊಂಡಳು.

ಜನವರಿ 22, ಬುಧವಾರ

ಗೆದ್ದೆ. ಫೋನ್ ಬೇಕೆಂದು ಇಪ್ಪತ್ತೇಳು ನಿಮಿಷ ಅತ್ತಳು. ಗಡಿಯಾರ ನೋಡಿಕೊಂಡೇ ಪಕ್ಕದಲ್ಲಿ ಕೂತಿದ್ದೆ. ಕೊಡಲಿಲ್ಲ, ತೋರಿಸಲೂ ಇಲ್ಲ. ಹತ್ತೊಂಬತ್ತನೇ ನಿಮಿಷದಲ್ಲಿ ಕೈ ಒಂದು ಸಲ ಫೋನಿನ ತನಕ ಹೋಗಿ ವಾಪಸ್ ಬಂತು. ಆಮೇಲೆ ಅವಳೇ ಸುಸ್ತಾಗಿ, "ಉಪ್ಪಿಟ್ಟು ತಣ್ಣಗಾಯ್ತು, ಬಿಸಿ ಮಾಡ್ಕೊಡು" ಎಂದಳು. ಇಬ್ಬರೂ ತಿಂದೆವು. ನನಗೆ ಮೆಡಲ್ ಬಂದಷ್ಟು ಖುಷಿ.

ಕುಸುಮಾ ಬಂದ ಕೂಡಲೇ ಹೇಳಿದೆ. ಹೇಳುವ ಭರದಲ್ಲಿ ಮೊದಲು ಕದ್ದು ತೋರಿಸುತ್ತಿದ್ದದ್ದೂ ಬಾಯಿಗೆ ಬಂದುಬಿಟ್ಟಿತು. "ಗೊತ್ತಿತ್ತು ಅತ್ತೆ, ಅವಳೇ ಹೇಳಿದ್ಲು" ಎಂದಳು. ಅಷ್ಟು ದಿನ ಗೊತ್ತಿದ್ದೂ ಸುಮ್ಮನಿದ್ದಳಲ್ಲ, ಗಟ್ಟಿಗಿತ್ತಿ. ನಾನೇ ಕಾಫಿ ಮಾಡಿಕೊಟ್ಟೆ.

ಜನವರಿ 24, ಶುಕ್ರವಾರ

ಮೊದಲ ಮಹಡಿಯ ಹುಡುಗ ಬೈಕನ್ನು ಗೇಟಿಗೆ ಅಡ್ಡ ನಿಲ್ಲಿಸಿದ್ದ. ಆ ಮಾತು ನಾಲಿಗೆಯ ತುದಿಗೆ ಬಂದಿತ್ತು. ಕವನಾ ಶಾಲೆ ಬ್ಯಾಗ್ ಹಾಕಿಕೊಂಡು ಪಕ್ಕದಲ್ಲೇ ಇದ್ದಳು. "ಸ್ವಲ್ಪ ಆಕಡೆ ನಿಲ್ಲಿಸಪ್ಪ" ಎಂದೆ.

"ಆಂಟಿ, ಹುಷಾರಾಗಿದೀರಾ?" ಎಂದು ಕೇಳಿದ.

ಜನವರಿ 26, ಭಾನುವಾರ

ಇವತ್ತು ಎಷ್ಟು ಬರೆದರೂ ಸಾಲದು.

ಧ್ವಜಾರೋಹಣ ಮುಗಿಸಿ ಕವನಾ ಎರಡು ಕಾಗದದ ಬಾವುಟ ತಂದಿದ್ದಳು. ಒಂದನ್ನು ಮೇಲಿನ ಮನೆಯ ಕಿಟಕಿಗೆ ಸಿಕ್ಕಿಸಿ ಬಂದಳು. ಹತ್ತು ನಿಮಿಷಕ್ಕೆ ಗುರುದೇವಿ ಆ ಬಾವುಟ ಹಿಡಿದು ಕೆಳಗೆ ಬಂದಳು, ಹನ್ನೆರಡು ದಿನದ ಮೇಲೆ. ನನಗೆ ಕುಣಿಯುವ ಹಾಗಾಯಿತು. ಏನೂ ನೋಡದವಳ ಹಾಗೆ ಅಂಗಳದಲ್ಲಿ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಾ ಕೂತೆ. ಇಬ್ಬರೂ ಬಾವುಟ ಹಿಡಿದು ಗೇಟಿನಿಂದ ಸಂಪಿಗೆ ಗಿಡದವರೆಗೆ ಓಡತೊಡಗಿದರು.

ಮಡಿವಾಳಪ್ಪ, ಹೊನ್ನವ್ವ ಮೆಟ್ಟಿಲು ಇಳಿದು ಬರುವುದು ಕಾಣಿಸಿತು. ಹೇಳುತ್ತೇನೆ ಎಂದಿದ್ದ ಭಾನುವಾರ ಇವತ್ತೇ. ಅವರ ಮುಖದಿಂದ ಏನೂ ತಿಳಿಯಲಿಲ್ಲ. ನನ್ನ ಕೈಯಲ್ಲಿದ್ದ ಕಾಯಿ ಕೈಯಲ್ಲೇ ಉಳಿಯಿತು.

ಅಷ್ಟರಲ್ಲಿ ಹಿಂದೆ ಧೊಪ್ ಎಂಬ ಸದ್ದು. ಗುರುದೇವಿ ಸಿಮೆಂಟಿನ ಮೇಲೆ ಬೋರಲು ಬಿದ್ದಿದ್ದಳು, ಮೊಣಕೈ ತರಚಿ ರಕ್ತ. ಏನಾಯಿತೆಂದು ನಾನೂ ನೋಡಿರಲಿಲ್ಲ, ಅವರೂ ನೋಡಿರಲಿಲ್ಲ. ಮೊರ ಎಸೆದು ಓಡಿ ಹುಡುಗಿಯನ್ನು ತೊಡೆಯ ಮೇಲೆ ಎಳೆದುಕೊಂಡೆ. ನನ್ನ ಕೈ ತಾನಾಗಿ ಮೇಲೆದ್ದಿತು. "ಈ ನೆಲಾನೇ ತಾನೆ ನನ್ನ ಕೂಸನ್ನ ಬೀಳಿಸಿದ್ದು? ತಡಿ..."

ಕವನಾ ನನ್ನ ಕೈ ಹಿಡಿದುಕೊಂಡಳು.

"ಹೊಡೀಬೇಡ ಅಜ್ಜಿ. ನೆಲ ಏನೂ ಮಾಡ್ಲಿಲ್ಲ. ನಾನು ತಳ್ದೆ."

ಮಡಿವಾಳಪ್ಪ ಅಲ್ಲೇ, ಮೂರು ಹೆಜ್ಜೆ ದೂರದಲ್ಲಿ. ಮುಗಿಯಿತು, ಇನ್ನು ಮೇಲಿನವರು ಮನೆ ಬಿಟ್ಟಂತೆಯೇ ಎಂದುಕೊಂಡೆ. ಸುಮ್ಮನಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲವಲ್ಲೇ ಎಂದು ಒಂದು ಕ್ಷಣ ಅನ್ನಿಸಿದ್ದೂ ನಿಜ. ಕವನಾಳ ತುಟಿ ಅದುರುತ್ತಿತ್ತು, ಆದರೆ ಅಳಲಿಲ್ಲ. "ಅವಳು ಮುಂದೆ ಹೋಗ್ತಾ ಇದ್ಲು. ನಂಗೆ ಸಿಟ್ಟು ಬಂತು. ತಳ್ಬಿಟ್ಟೆ. ಅವತ್ತು ಎಳ್ಳು ಚೆಲ್ಲಿದ್ದೂ ನಾನೇ. ನಂದೇ ತಪ್ಪು. ಸಾರಿ ಗುರುದೇವಿ."

ಗುರುದೇವಿ ಮೂಗು ಒರೆಸಿಕೊಂಡು ಯೋಚಿಸಿದಳು. "ಇನ್ನೊಮ್ಮೆ ತಳ್ಳಬ್ಯಾಡ ಮತ್ತ. ನಿನಗ ಮುಂದ ಹೋಗೂದಿದ್ರ ಹೇಳು, ನಾ ಸಾವಕಾಶ ಓಡ್ತೀನಿ."

ಹೊನ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗುವೋ ಅಳುವೋ ತಿಳಿಯಲಿಲ್ಲ. ಮಡಿವಾಳಪ್ಪ ಗೇಟಿನ ಕಡೆ ಹೋಗಿ ಬೋರ್ಡಿನ ದಾರ ಮುಟ್ಟಿ ನಿಂತ. "ಅಮ್ಮಾರ, ಇದನ್ನ ಬಿಚ್ಚಲೇನ್ರಿ?" ಎಂದ.

"ಇರಪ್ಪ, ಕಟ್ಟಿದವಳು ನಾನು" ಎಂದು ಎದ್ದೆ. ಗಂಟು ಬಿಗಿಯಾಗಿತ್ತು. ಅವನೂ ಕೈ ಹಾಕಿದ ಮೇಲೆ ಬಿಚ್ಚಿತು. ಬೋರ್ಡಿನ ಹಿಂಬದಿ ಖಾಲಿ ಇತ್ತು, ಮಕ್ಕಳಿಬ್ಬರೂ ಅದನ್ನು ಗೋಡೆಗೆ ಒರಗಿಸಿ ಸೀಮೆಸುಣ್ಣದಲ್ಲಿ ಸ್ಕೂಲಾಟ ಶುರು ಮಾಡಿದರು. ಇಬ್ಬರೂ ಪಕ್ಕಪಕ್ಕ ಕೂತಿದ್ದರು.

ಬರೆಯಲು ಕೂತಾಗಿನಿಂದ ಒಂದೇ ಯೋಚನೆ. ಅಷ್ಟು ಜನರ ಎದುರಿಗೆ, ಯಾರೂ ಕೇಳದೆ, ನಂದೇ ತಪ್ಪು ಎಂದು ಹೇಳುವ ಬುದ್ಧಿ ಈ ಮಗುವಿಗೆ ಎಲ್ಲಿಂದ ಬಂತು? ಕುಸುಮಾ ಹಾಗೆಲ್ಲ ಬೇಗ ಒಪ್ಪುವವಳಲ್ಲ. ಅರುಣ್ ಬಾಯಿ ಬಿಡುವುದಿಲ್ಲ. ಇವರು ಫ್ಯಾನ್ ನೋಡುತ್ತಾರೆ. ನಮ್ಮ ಮನೆಯಲ್ಲಿ ಯಾರನ್ನು ನೋಡಿ ಕಲಿತಳೋ, ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ.